ಮುಖ್ಯ ಅತಿಥಿಯ ಪೇಟ

ತಪ್ಪೆಲ್ಲ ಆಹ್ವಾನ ಪತ್ರಿಕೆಯದು. ‘ಸರಿಯಾಗಿ ನಾಲ್ಕು ಗಂಟೆಗೆ’ ಎಂದು ಅಚ್ಚಾಗಿತ್ತು. ಹಾಗೆಂದರೆ ಆರು ಗಂಟೆ ಎಂದು ಅಮೆರಿಕದ ಗೇದರ್ಸ್‌ಬರ್ಗಿನ ಕನ್ನಡಿಗರಿಗೆಲ್ಲ ಗೊತ್ತು. ಗ್ರೀಕ್ ಹಡಗುಗಳ ದೊರೆ ಮಾವ್ರಾಕಿಸ್ ಅವರಿಗೆ ಮಾತ್ರ ಗೊತ್ತಿರಲಿಲ್ಲ.

ಅವರ ಶ್ಯಾಂಟಿಲಿ ಆಫೀಸಿನಲ್ಲಿ ಕೇಶವಮೂರ್ತಿ ಒಂಬತ್ತು ವರ್ಷದಿಂದ ಗುಮಾಸ್ತ. ಮ್ಯಾನೇಜರ್ ಕುರ್ಚಿ ಖಾಲಿಯಾಗಿತ್ತು, ಅದರ ಮೇಲೆ ಅವನ ಕಣ್ಣು. ಮಾಲೀಕರನ್ನು ಅವನು ಕಂಡದ್ದು ಗೋಡೆಯ ಮೇಲಿನ ಹಳೆಯ ಫೋಟೋದಲ್ಲಿ, ಪೊದೆಮೀಸೆಯ ಸಮೇತ. ಆದರೂ ಊರಿನ ಕನ್ನಡ ಸಂಘದಲ್ಲಿ “ನಾವಿಬ್ರೂ ತುಂಬಾ ಕ್ಲೋಸು” ಎಂದುಬಿಟ್ಟಿದ್ದ. ರಾಜ್ಯೋತ್ಸವಕ್ಕೆ ಕರೆದು ಕಾಗದ ಬರೆದರೆ ಪುಣ್ಯಾತ್ಮರು ಒಪ್ಪಿಯೂ ಬಿಟ್ಟರು.

ನಾಲ್ಕಕ್ಕೆ ಬಂದ ಮಾವ್ರಾಕಿಸ್‌ಗೆ ಸಭಾಂಗಣದಲ್ಲಿ ನರಪಿಳ್ಳೆಯೂ ಕಾಣಲಿಲ್ಲ. ಡ್ರೈವರ್ ಪೆಟ್ರೋಸ್‌ಗೆ ಆರಕ್ಕೆ ಬರಹೇಳಿ, ಒಗ್ಗರಣೆಯ ವಾಸನೆ ಹಿಡಿದು ಅಡುಗೆಮನೆಗೆ ಹೋದರು. ಅಲ್ಲಿದ್ದ ಶಾಂತವ್ವ, ಕೊನೆಗೂ ಒಬ್ಬ ಹೆಲ್ಪರ್ ಬಂದನೆಂದುಕೊಂಡು ಈರುಳ್ಳಿಯ ಮೂಟೆ ತೋರಿಸಿದಳು.

“ಇಷ್ಟ್ ಲೇಟ್ ಬರೂದೇನ್ರಿ? ಕಟ್, ಕಟ್! ವೆರಿ ಸ್ಮಾಲ್!”

ಮಾವ್ರಾಕಿಸ್ ಕೋಟು ಬಿಚ್ಚಿ ಚಾಕು ಹಿಡಿದರು.

ಐದೂವರೆಗೆ ಕೇಶವಮೂರ್ತಿ ಗರಿಗರಿ ಜುಬ್ಬಾ ತೊಟ್ಟು ಬಾಗಿಲಲ್ಲಿ ನಿಂತ. ಆರಕ್ಕೆ ಉದ್ದನೆಯ ಕಾರಿನಿಂದ ಕಪ್ಪು ಸೂಟಿನ, ಪೊದೆಮೀಸೆಯ ಪೆಟ್ರೋಸ್ ಇಳಿದ. ಯಜಮಾನರೆಲ್ಲಿ ಎಂದು ಕೇಳುವಷ್ಟರಲ್ಲಿ ಕೊರಳಿಗೆ ಹಾರ ಬಿತ್ತು. ವೇದಿಕೆಗೆ ಹತ್ತಿಸಿ ಶಾಲು ಹೊದಿಸಿ ಮೈಸೂರು ಪೇಟ ತೊಡಿಸಿದರು. ಅವನು “ಮೇಡಮ್, ನಾನು...” ಎಂದು ಎದ್ದಾಗಲೆಲ್ಲ ಅಧ್ಯಕ್ಷೆ ರೇಣುಕಾದೇವಿ ಭುಜ ಒತ್ತಿ ಕೂರಿಸಿದರು.

“ಎಷ್ಟು ಹಂಬಲ್ ನೋಡ್ರೀ!”

ಕೇಶವಮೂರ್ತಿಯ ಪರಿಚಯ ಭಾಷಣ ನಲವತ್ತು ನಿಮಿಷ, ಅತಿಥಿಗೆ ತಿಳಿಯಲೆಂದು ಇಂಗ್ಲಿಷಿನಲ್ಲೇ. ಹನ್ನೆರಡನೇ ವಯಸ್ಸಿಗೆ ಹಡಗಿನಲ್ಲಿ ಈರುಳ್ಳಿ ಹೆಚ್ಚುವ ಕೆಲಸ. ಯುದ್ಧ ಮುಗಿದ ಮೇಲೆ ಗುಜರಿಗೆ ಹೊರಟಿದ್ದ ಹಡಗೊಂದನ್ನು ಕೊಂಡು, ತಾನೇ ತುಕ್ಕು ಕೆರೆದು, ಒಣದ್ರಾಕ್ಷಿ ಸಾಗಿಸಿದ್ದು. ಈಗ ನಲವತ್ತೊಂದು ಹಡಗು. “ಸರ್, ಇನ್ನೊಬ್ಬರ ಕೈಕೆಳಗೆ ದುಡಿಯುವುದು ನಿಮ್ಮ ಜಾತಕದಲ್ಲೇ ಇಲ್ಲ!” ಎಂದಾಗ ಪೆಟ್ರೋಸ್ ಕಣ್ಣೊರೆಸಿಕೊಂಡ.

ಕೊನೆಗೆ ಅವನ ಕೈಗೆ ಮೈಕು ಬಂತು. “ಥ್ಯಾಂಕ್ಯೂ. ನಾನು ಡ್ರೈವರ್. ನಮ್ಮ ಸಾಹೇಬರು ಎಲ್ಲಿ?”

ಸಾಹೇಬರು ಏಪ್ರನ್ ಕಟ್ಟಿಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಭೂಮಿ ಬಾಯಿ ಬಿಡಬಾರದೆ ಎನ್ನಿಸಿತು ಕೇಶವಮೂರ್ತಿಗೆ.

ಆದರೆ ಮಾವ್ರಾಕಿಸ್ ಸಿಟ್ಟಾಗಲಿಲ್ಲ. ತಾನು ಬೈಸಿಕೊಂಡು ಈರುಳ್ಳಿ ಹೆಚ್ಚಿ ಐವತ್ತು ವರ್ಷವಾಗಿತ್ತು ಎಂದು ನಕ್ಕು, ಬಿಸಿಬೇಳೆಬಾತ್ ಎರಡು ಸಲ ಹಾಕಿಸಿಕೊಂಡರು. ಊಟವಾದ ಮೇಲೆ ಕೇಶವಮೂರ್ತಿಯನ್ನು ಪಾರ್ಕಿಂಗ್ ಲಾಟಿಗೆ ಕರೆದರು.

“ನಿಮ್ಮ ಭಾಷಣಕ್ಕೆ ಬಹಳ ಶಕ್ತಿಯಿದೆ, ಮಿಸ್ಟರ್ ಮೂರ್ತಿ. ನಾಳೆಯಿಂದ ನಿಮಗೊಂದು ಹೊಸ ಕೆಲಸ.”

ಕೇಶವಮೂರ್ತಿಗೆ ಆ ಕುರ್ಚಿಯ ಗಾಲಿ ಉರುಳಿದ ಸದ್ದೇ ಕೇಳಿಸಿತು.

“ಪೆಟ್ರೋಸ್ ಈಗಷ್ಟೇ ಕೆಲಸ ಬಿಟ್ಟ. ಬಾಲ್ಟಿಮೋರಿನಲ್ಲಿ ಹಳೆಯ ದೋಣಿಯೊಂದು ಇದೆಯಂತೆ, ಕೊಳ್ಳುತ್ತಾನಂತೆ. ನಿಮಗೆ ಕಾರು ಓಡಿಸಲು ಬರುತ್ತದಲ್ಲವೆ?”

ಪೇಟ ಇನ್ನೂ ತಲೆಯ ಮೇಲೇ ಇದ್ದ ಪೆಟ್ರೋಸ್, ಕೇಶವಮೂರ್ತಿಯನ್ನು ಬಿಗಿಯಾಗಿ ತಬ್ಬಿ ಕೈಗೆ ಕೀಲಿ ಕೊಟ್ಟ. ಕೇಶವಮೂರ್ತಿ ಕಾರಿನ ಹಿಂದಿನ ಬಾಗಿಲು ತೆರೆದು ಹಿಡಿದ.