ಟ್ಯಾಂಕಿಗೆ ವಿಭೂತಿ

ಆ ಬೆಳಿಗ್ಗೆ ಚನ್ನವೀರೇಶ್ ಮಾಡಿದ ತಪ್ಪು ಒಂದೇ, ಸ್ನಾನಕ್ಕೆ ಹೋದದ್ದು. ಹೋಗದೇ ಇದ್ದಿದ್ದರೆ ಮುಂದಿನ ರಾಮಾಯಣ ಯಾವುದೂ ನಡೆಯುತ್ತಿರಲಿಲ್ಲ. ಆದರೆ ಆಯುಧಪೂಜೆಯ ದಿನ ಸ್ನಾನ ಮಾಡದೆ ಓಡಾಡುವ ಗಂಡಸನ್ನು ಬೆಂಗಳೂರಿನ ಆರ್‌ಪಿಸಿ ಲೇಔಟಿನಲ್ಲಿ ಯಾರು ಸುಮ್ಮನೆ ಬಿಡುತ್ತಾರೆ? ಅದರಲ್ಲೂ ದಾವಣಗೆರೆಯಿಂದ ಅತ್ತೆ ಬಂದು ಕೂತಿರುವಾಗ ಎದ್ದ ಕೂಡಲೇ ಬಕೆಟ್ಟು ತುಂಬಿರುತ್ತದೆ.

ಚನ್ನವೀರೇಶ್ ಒಂದು ಸಹಕಾರಿ ಬ್ಯಾಂಕಿನ ಗುಮಾಸ್ತ. ದಿನವೆಲ್ಲ ಇನ್ನೊಬ್ಬರ ಪಾಸ್‌ಬುಕ್ಕಿಗೆ ಸೀಲು ಒತ್ತಿ ಮನೆಗೆ ಬಂದವನು ಬಾಲ್ಕನಿಯ ಮೂಲೆಯ ಮೇಜಿಗೆ ಕೂತು ಅಂಗೈ ಅಗಲದ ಯುದ್ಧ ಟ್ಯಾಂಕುಗಳನ್ನು ಕಟ್ಟುತ್ತಿದ್ದ. ಈ ಸಲದ್ದು ಯಾವ ಡಬ್ಬದಿಂದಲೂ ಬಂದದ್ದಲ್ಲ. ಹಿಂದೆ ಕಟ್ಟಿದವುಗಳಲ್ಲಿ ಮಿಕ್ಕ ಬಿಡಿಭಾಗಗಳನ್ನೇ ಕೂಡಿಸಿದ್ದ. ಒಡಲು ಒಂದು ದೇಶದ್ದು, ಮೇಲೆ ತಿರುಗುವ ತಲೆ ಅದರ ಶತ್ರುದೇಶದ್ದು, ಚಕ್ರಗಳು ಎರಡೂ ಕಡೆಯವು. ಫಿರಂಗಿಗೆ ನಳಿಕೆ ಸಿಗದೆ ಬಾಲ್‌ಪೆನ್ನಿನ ರೀಫಿಲ್ ಹಾಕಿದ್ದ, ಮುಚ್ಚಳಕ್ಕೆ ಅತ್ತೆಯ ಮಾತ್ರೆ ಪಟ್ಟಿಯ ಒಂದು ಗುಳ್ಳೆ, ಆಂಟೆನಾಗೆ ಪೊರಕೆಕಡ್ಡಿ.

ಕಟ್ಟುವುದೇನೂ ದೊಡ್ಡದಲ್ಲ. ಕಟ್ಟಿದ್ದನ್ನು ಹಾಳು ಮಾಡುವುದರಲ್ಲಿರುವುದು ಕಸುಬು. ಹೊಸ ಬಣ್ಣ ಹೊಡೆದ ಟ್ಯಾಂಕು ಮಕ್ಕಳ ಆಟಿಕೆಯ ಹಾಗೆ ಕಾಣುತ್ತದೆ. ಅದು ನಿಜವಾಗಿ ಯುದ್ಧ ಮಾಡಿ ಬಂದಂತೆ ಕಾಣಬೇಕಾದರೆ ಅಲ್ಲಲ್ಲಿ ಬಣ್ಣ ಕೆರೆಯಬೇಕು, ಸೈಲೆನ್ಸರಿಗೆ ತುಕ್ಕು ಬರಿಸಬೇಕು, ಫಿರಂಗಿಯ ಬಾಯಿಗೆ ಮಸಿ ಹಿಡಿಸಬೇಕು, ಚಕ್ರಕ್ಕೆ ಕೆಸರು ಮೆತ್ತಿ ಒಣಗಿಸಬೇಕು. ಇದನ್ನು ಆ ಹವ್ಯಾಸದವರು ವೆದರಿಂಗ್ ಎನ್ನುತ್ತಾರೆ. ಅತ್ತೆ ಕಲ್ಯಾಣಮ್ಮ ಗಲೀಜು ಎನ್ನುತ್ತಿದ್ದರು. ಇಡೀ ಮಳೆಗಾಲವನ್ನು ಚನ್ನವೀರೇಶ್ ಈ ಗಲೀಜಿನಲ್ಲೇ ಕಳೆದಿದ್ದ.

ಅಷ್ಟು ಒದ್ದಾಡುವುದಕ್ಕೆ ಕಾರಣವೂ ಇತ್ತು. ಮಂಡಿನೋವಿನ ಚಿಕಿತ್ಸೆಗೆಂದು ಬಂದ ಕಲ್ಯಾಣಮ್ಮನವರಿಗೆ ಬೆಂಗಳೂರಿನ ಅಂಗಡಿಯ ಜೋಳದ ಹಿಟ್ಟು ಸೇರಲಿಲ್ಲ. ರೊಟ್ಟಿ ತಟ್ಟಿದರೆ ಕೈಯಲ್ಲೇ ಹರಿಯುತ್ತದೆ ಎಂದು ನೊಂದುಕೊಂಡು, ಮನೆಯಲ್ಲೇ ಬೀಸುವ ಒಂದು ಪುಟ್ಟ ಹಿಟ್ಟಿನ ಗಿರಣಿಯನ್ನು ತರಿಸಿದರು. ಅದಕ್ಕೆ ಗಟ್ಟಿಯಾದ ಮೇಜು ಬೇಕು, ಪಕ್ಕದಲ್ಲಿ ಪ್ಲಗ್ ಬೇಕು, ಹಿಟ್ಟು ಹಾರಿದರೆ ಯಾರೂ ಬೈಯದ ಜಾಗ ಬೇಕು. ಅಂಥ ಜಾಗ ಆ ಮನೆಯಲ್ಲಿ ಇದ್ದದ್ದು ಒಂದೇ, ಅಲ್ಲಿ ಅಳಿಯ ಕೂತಿದ್ದ. ಗಿರಣಿ ಡಬ್ಬದಲ್ಲೇ ನಡುಮನೆಯಲ್ಲಿ ಕಾಯುತ್ತಿತ್ತು, ಬಂದವರೆಲ್ಲ ಎಡವುತ್ತಿದ್ದರು. ತಾಯಿಗೂ ಗಂಡನಿಗೂ ನಡುವೆ ಸಿಕ್ಕಿಕೊಂಡ ಶರಣ್ಯಾ ಕೊನೆಗೊಂದು ತೀರ್ಪು ಕೊಟ್ಟಳು.

“ಆಯುಧಪೂಜೆ ದಿನ ಸಂಜೆ ನಿಮ್ಮ ಮಾಡೆಲ್ ಕ್ಲಬ್‌ನವ್ರ ಪ್ರದರ್ಶನ ಇದೆಯಲ್ಲ ರೀ, ಬಹುಮಾನ ತಗೊಂಡ್ ಬನ್ನಿ, ಮೇಜು ನಿಮ್ದು. ಇಲ್ಲಾಂದ್ರೆ ಅಮ್ಮಂದು. ಆಮೇಲೆ ಇಬ್ರೂ ನನ್ ತಲೆ ತಿನ್ಬೇಡಿ.”

ಆ ಮನೆಯಲ್ಲಿ ಚನ್ನವೀರೇಶ್ ತನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಆ ಮೇಜೊಂದೇ. ಬೀರುವಿನಲ್ಲಿ ಅವನ ಪಾಲಿನ ಖಾನೆಗೆ ಅತ್ತೆಯ ಶಾಲುಗಳು ಬಂದಿದ್ದವು, ಟೀವಿಯ ರಿಮೋಟು ಅವನ ಕೈಬಿಟ್ಟು ಎಷ್ಟೋ ಕಾಲವಾಗಿತ್ತು. ಮೇಜೂ ಹೋದರೆ ಆಫೀಸಿನಿಂದ ಬಂದು ಎಲ್ಲಿ ಕೂರುವುದು ಎಂದು ಅವನಿಗೆ ನಿಜಕ್ಕೂ ಭಯವಾಗಿತ್ತು.

ಇಂಥ ಸ್ಥಿತಿಯಲ್ಲಿ ಅವನು ಸ್ನಾನಕ್ಕೆ ಹೋದ. ಟವೆಲು ಸುತ್ತಿಕೊಂಡು ಈಚೆಗೆ ಬಂದರೆ ಮೇಜು ಖಾಲಿ. ಕೆಳಗಿನಿಂದ ಗಂಟೆಯ ಸದ್ದು ಬರುತ್ತಿತ್ತು. ಬಾಲ್ಕನಿಯಿಂದ ಬಗ್ಗಿ ನೋಡಿದ. ಗೇಟಿನ ಮುಂದೆ ಮನೆ ಓನರ್ ಮರಿಯಪ್ಪನವರ ಕಾರು, ಅವರ ಗೂಡ್ಸ್ ಟೆಂಪೊ, ಮಗನ ಬೈಕು, ಚನ್ನವೀರೇಶನ ಸ್ಕೂಟರು ಬಾಳೆಕಂದು ಕಟ್ಟಿಸಿಕೊಂಡು ಸಾಲಾಗಿ ನಿಂತಿದ್ದವು. ಸಾಲಿನ ಕೊನೆಗೆ ಒಂದು ಮಣೆ, ಮಣೆಯ ಮೇಲೆ ಟ್ಯಾಂಕು.

ತೊಳೆದ ಟ್ಯಾಂಕು. ತುಕ್ಕಿಲ್ಲ, ಮಸಿಯಿಲ್ಲ, ಕೆಸರಿಲ್ಲ, ಮದುವಣಗಿತ್ತಿಯ ಹಾಗೆ ಫಳಫಳ ಹೊಳೆಯುತ್ತಿತ್ತು. ತಲೆಯ ಮೇಲೆ ಮೂರೆಳೆ ವಿಭೂತಿ, ನಡುವೆ ಕುಂಕುಮ, ಫಿರಂಗಿಗೆ ಚೆಂಡುಹೂವಿನ ಮಾಲೆ. ಚಕ್ರದಡಿಗೆ ಇಟ್ಟ ನಿಂಬೆಹಣ್ಣು ಟ್ಯಾಂಕಿನ ಅರ್ಧದಷ್ಟಿದ್ದುದರಿಂದ ಅದು ಒಂದು ಕಡೆಗೆ ವಾಲಿಕೊಂಡು ನಿಂತಿತ್ತು.

ಚನ್ನವೀರೇಶ್ ಟವೆಲಿನಲ್ಲೇ ಮೆಟ್ಟಿಲಿಳಿದು ಓಡಿದ. ಆದರೆ ಮರಿಯಪ್ಪನವರು ಆರತಿ ಎತ್ತಿಬಿಟ್ಟಿದ್ದರು. ಆರತಿಯ ನಡುವೆ ದೇವರನ್ನು ಎತ್ತಿಕೊಂಡು ಓಡುವ ಹಾಗಿಲ್ಲ. ಬೀದಿಯವರೆಲ್ಲ ನೋಡುತ್ತಿರಲು, ಎದೆಯ ಮೇಲೆ ನೀರು ತೊಟ್ಟಿಕ್ಕುತ್ತ, ತನ್ನ ಟ್ಯಾಂಕಿಗೆ ತಾನೇ ಕೈಮುಗಿದು ನಿಂತ. ಮರಿಯಪ್ಪನವರು ಬೂದುಗುಂಬಳ ಒಡೆದು, ಕಲ್ಯಾಣಮ್ಮನವರ ಫೋನು ಇಸಿದುಕೊಂಡು, ಅವರನ್ನು ಟ್ಯಾಂಕಿನ ಪಕ್ಕ ಕೂರಿಸಿ ಫೋಟೊ ಹೊಡೆದರು. ಟವೆಲಿನವನು ಅಡ್ಡ ಬರುತ್ತಾನೆಂದು ಪಕ್ಕಕ್ಕೆ ಸರಿಸಿದರು.

“ವರ್ಸಕ್ಕ ಒಂದು ದಿನ, ಅಳಿಯಂದ್ರೆ,” ಎಂದರು ಕಲ್ಯಾಣಮ್ಮ ಮುಖವರಳಿಸಿ. “ಸ್ಕೂಟರ್ ತೊಳ್ದು ಇದನ್ನ ಹಂಗೇ ಬಿಟ್ರ ಛಲೋನಾ? ಹಳೇ ಬ್ರಷ್ ತಗಂಡು ಸೋಪ್ ಹಚ್ಚಿ ತಿಕ್ಕೀನಿ. ಒಂದ್ ಚೂರೂ ಕಿತ್ತಿಲ್ಲ ನೋಡ್ರಿ.”

ನಿಜ, ಒಂದು ಚೂರೂ ಕಿತ್ತಿರಲಿಲ್ಲ. ಅಂಟಿಸುವುದರಲ್ಲಿ ಅಳಿಯ ಗಟ್ಟಿಗ. ಮಳೆಗಾಲದ ಕೆಲಸ ಮಾತ್ರ ಮೋರಿಗೆ ಹರಿದುಹೋಗಿತ್ತು. ಬೈಯೋಣವೆಂದರೆ ಆ ಹೆಂಗಸು ನೋಯುವ ಮಂಡಿಯೂರಿ ತಿಕ್ಕಿದ್ದರು.

ಮೇಲೆ ಬಂದು ಬಣ್ಣದ ಪುಡಿಗಳನ್ನು ಹುಡುಕಿದ. ಡಬ್ಬಿಗಳೆಲ್ಲ ತೊಳೆದು ಬೋರಲು ಹಾಕಿಸಿಕೊಂಡು ಬಿಸಿಲಿಗೆ ಒಣಗುತ್ತಿದ್ದವು. ಕುಂಚಗಳು, ಚಿಮುಟ, ಪುಟ್ಟ ಚಾಕು ದೇವರ ಮುಂದೆ ಮಣೆಯ ಮೇಲೆ ವಿಭೂತಿ ಧರಿಸಿ ಕೂತಿದ್ದವು. ಪೂಜೆಗಿಟ್ಟ ಸಲಕರಣೆಯನ್ನು ನಾಳೆಯವರೆಗೆ ಮುಟ್ಟುವಂತಿಲ್ಲ. ಶರಣ್ಯಾಳ ಮುಂದೆ ಗೋಳಾಡಿಕೊಂಡ. ಅವಳಿಗೂ ಪಾಪ ಅನ್ನಿಸಿತು, ಆದರೆ ತೀರ್ಪು ತೀರ್ಪೇ. ಇನ್ನೂ ಸಂಜೆಯವರೆಗೆ ಹೊತ್ತಿದೆ, ಬೆಂಗಳೂರಿನಲ್ಲಿ ಗಲೀಜಿಗೆ ಏನು ಬರಗಾಲವೇ, ಹೋಗಿ ಮೆತ್ತಿಕೊಂಡು ಬನ್ನಿ ಎಂದಳು.

ಬರಗಾಲವೇ ಬಂದಿತ್ತು, ಅದು ಅವಳಿಗೆ ಗೊತ್ತಿರಲಿಲ್ಲ. ಮೊದಲು ಸ್ಕೂಟರಿನ ಸೈಲೆನ್ಸರಿಗೆ ಬೆರಳು ಹಾಕಿದ, ಮಸಿ ಸಿಗುತ್ತದೆಂದು. ಮರಿಯಪ್ಪನವರು ಬಟ್ಟೆ ತೂರಿಸಿ ಒಳಗೂ ಒರೆಸಿದ್ದರು, ಬೆರಳಿಗೆ ಕುಂಕುಮ ಹತ್ತಿತು. ಬೀದಿಯಲ್ಲಿ ಧೂಳು ಬಳಿಯೋಣವೆಂದರೆ ಮನೆಮನೆಯವರು ಪೈಪು ಹಿಡಿದು ರಸ್ತೆಯನ್ನೇ ತೊಳೆದು ರಂಗೋಲಿ ಬಿಟ್ಟಿದ್ದರು. ಅವನು ಬಗ್ಗಿ ಚರಂಡಿಯ ಅಂಚು ಕೆರೆಯುವುದನ್ನು ಕಂಡ ಎದುರು ಮನೆಯವರು ಏನು ಕಳೆಯಿತು ಸಾರ್ ಎಂದು ಬಂದು, ತಾವೂ ಹುಡುಕಲು ನಿಂತರು. ಮಣ್ಣು ಎಂದು ಹೇಳಲು ನಾಚಿಕೆಯಾಗಿ ಉಂಗುರ ಎಂದ. ನಾಲ್ಕು ಮನೆಯವರು ಸೇರಿ ಉಂಗುರ ಹುಡುಕಿದರು. ಅವರನ್ನು ಹುಡುಕಲು ಬಿಟ್ಟು ಇವನು ಟ್ಯಾಂಕನ್ನು ಚೀಲಕ್ಕೆ ಹಾಕಿಕೊಂಡು ಸ್ಕೂಟರು ಹತ್ತಿದ.

ನಾಯಂಡಹಳ್ಳಿಯ ವರ್ಕ್‌ಶಾಪುಗಳಿಗೆ ಹೋದರೆ ಗ್ರೀಸು, ಎಣ್ಣೆ, ತುಕ್ಕು ಎಲ್ಲವೂ ಸಿಗುತ್ತದೆಂದು ಅವನ ನಂಬಿಕೆ. ಮಾಮೂಲಿ ದಿನ ಅಲ್ಲಿ ನಿಂತರೆ ಸಾಕು, ಷರ್ಟು ಕಪ್ಪಾಗುತ್ತದೆ. ಅವತ್ತು ನೆಲವನ್ನು ತಿಕ್ಕಿ ತೊಳೆದು ಸುಣ್ಣ ಹೊಡೆದಿದ್ದರು. ಮೆಕ್ಯಾನಿಕ್ಕುಗಳು ಬಿಳಿ ಪಂಚೆ, ಬಿಳಿ ಷರ್ಟು ಹಾಕಿಕೊಂಡು ಮದುವೆಗೆ ಬಂದ ಬೀಗರ ಹಾಗೆ ಕುರ್ಚಿ ಹಾಕಿ ಕೂತಿದ್ದರು. ಸ್ಪ್ಯಾನರುಗಳಿಗೂ ಹೂವು ಮುಡಿಸಿದ್ದರು. ಚೂರು ಗ್ರೀಸು ಕೊಡಿ ಎಂದು ಕೇಳಿದ್ದಕ್ಕೆ ಅವರಲ್ಲಿ ದೊಡ್ಡವನು ಇವನನ್ನು ಮೇಲಿಂದ ಕೆಳಗೆ ನೋಡಿದ.

“ನಾಳಿದ್ದು ಬನ್ನಿ ಸಾರ್, ಬಕೆಟ್ಟಲ್ಲಿ ಕೊಡ್ತೀನಿ. ಇವತ್ತು ಗ್ರೀಸ್ ಮುಟ್ಟಿದ್ರೆ ನಮ್ಮಮ್ಮ ಮನೆಗೆ ಸೇರ್ಸಲ್ಲ.”

ಬರಿಗೈಲಿ ಕಳಿಸಬಾರದೆಂದು ಒಂದು ಪೊಟ್ಟಣ ಕಡಲೆಪುರಿ ಕೊಟ್ಟ. ಪಕ್ಕದ ವರ್ಕ್‌ಶಾಪಿನವರೂ ಕಡಲೆಪುರಿ ಕೊಟ್ಟರು. ಗುಜರಿ ಗೋಡೌನಿನಲ್ಲಿ ತುಕ್ಕು ಕೇಳಿದರೆ, ತುಕ್ಕಿನ ರಾಶಿಗೆ ಹೊಸ ಟಾರ್ಪಾಲು ಹೊದಿಸಿ ಹಾರ ಹಾಕಿದ್ದ ಮಾಲೀಕ ಕಡಲೆಪುರಿಯ ಜೊತೆ ಒಂದು ಲಾಡನ್ನೂ ಇಟ್ಟ. ಸ್ಕೂಟರಿನ ಕೊಕ್ಕೆಯ ತುಂಬ ಪೊಟ್ಟಣಗಳು ನೇತಾಡುತ್ತಿದ್ದವು. ಒಂದು ಚಿಟಿಕೆ ಕೊಳೆ ಹುಟ್ಟಲಿಲ್ಲ. ವರ್ಷವೆಲ್ಲ ಬೇಡವೆಂದರೂ ಮೈಮೇಲೆ ಬಂದು ಬೀಳುವ ಕೊಳೆಗೆ ಇವತ್ತೇ ರಜೆ ಹಾಕಬೇಕಿತ್ತೇ ಎಂದು ಅವನಿಗೆ ಅಳು ಬಂತು.

ಕೊನೆಗೆ ಅವನನ್ನು ಕಾಪಾಡಿದ್ದು ಊರ ಕೊಳಚೆಯೆಲ್ಲ ಹರಿಯುವ ರಾಜಕಾಲುವೆ. ಎಂಥ ಭಕ್ತರಿಗೂ ಅದನ್ನು ತೊಳೆದು ಕುಂಕುಮ ಇಡುವ ಧೈರ್ಯ ಬಂದಿರಲಿಲ್ಲ. ಮುರಿದ ತಡೆಗೋಡೆಯ ಸಂದಿಯಲ್ಲಿ ಇಳಿದ, ಅರ್ಧಕ್ಕೆ ಜಾರಿದ, ಮೊಣಕಾಲುದ್ದ ಹೂತುಕೊಂಡ. ಟ್ಯಾಂಕನ್ನು ಮಾತ್ರ ತಲೆಯ ಮೇಲೆ ಎತ್ತಿ ಹಿಡಿದಿದ್ದ. ಅಲ್ಲೇ ನಿಂತು ವಿಭೂತಿಯನ್ನೂ ಕುಂಕುಮವನ್ನೂ ಕರವಸ್ತ್ರದಿಂದ ಉಜ್ಜಿ ತೆಗೆದ. ಕಪ್ಪು ಕೆಸರನ್ನು ಬೆರಳಿನಿಂದ ಚಕ್ರಕ್ಕೆ ಮೆತ್ತಿದ, ನೀರು ಮಾಡಿ ಮೈಗೆ ಸವರಿದ, ಕಡ್ಡಿಯಿಂದ ಗೀರಿದ. ದಡಕ್ಕೆ ಬಂದು ಬಿಸಿಲಿಗೆ ಹಿಡಿದು ನೋಡಿದರೆ ಅವನಿಗೇ ಮೈ ಜುಂ ಎಂದಿತು. ಮಳೆಗಾಲವಿಡೀ ಪುಡಿ ಬಳಿದರೂ ಬಾರದ ಹದ ಬಂದಿತ್ತು. ಯುದ್ಧದಲ್ಲಿ ಗೆದ್ದು, ಬರುವ ದಾರಿಯಲ್ಲಿ ಸೋತು ಬಂದ ಟ್ಯಾಂಕಿನ ಹಾಗಿತ್ತು. ಮೇಜು ಉಳಿಯಿತು ಎಂದುಕೊಂಡ. ನಾತ ಮಾತ್ರ ಹೇಳತೀರದು.

ಪ್ರದರ್ಶನ ಜ್ಞಾನಭಾರತಿಯ ಬಡಾವಣೆಯೊಂದರ ಸಮುದಾಯ ಭವನದಲ್ಲಿತ್ತು. ಇವನು ಟ್ಯಾಂಕು ಇಟ್ಟ ಕೂಡಲೇ ಅಕ್ಕಪಕ್ಕದವರು ತಮ್ಮ ವಿಮಾನ, ಹಡಗುಗಳನ್ನು ಎತ್ತಿಕೊಂಡು ದೂರದ ಮೇಜಿಗೆ ಹೋದರು. ಆದರೆ ಮೂಗು ಮುಚ್ಚಿಕೊಂಡು ನೋಡಿದವರೆಲ್ಲ ಹೊಗಳಿದರು. ಇಂಥ ಕೆಸರನ್ನು ತಾವು ಎಲ್ಲೂ ನೋಡಿಲ್ಲ, ಯಾವ ಕಂಪನಿಯದು ಎಂದು ಒಬ್ಬರು ಕೇಳಿದರು. ಕಲ್ಯಾಣಮ್ಮ ಮತ್ತು ಶರಣ್ಯಾ ಮೆಟ್ರೊ ಹಿಡಿದು, ರೇಷ್ಮೆ ಸೀರೆ ಉಟ್ಟುಕೊಂಡು ಬಂದರು. ಟ್ಯಾಂಕನ್ನೂ ಅಳಿಯನ ಪ್ಯಾಂಟನ್ನೂ ನೋಡಿದ ಕಲ್ಯಾಣಮ್ಮನವರ ಕಣ್ಣು ಒದ್ದೆಯಾದವು.

ತೀರ್ಪುಗಾರರು ಕೆಂಗೇರಿಯಲ್ಲಿ ನೆಲೆಸಿದ್ದ ನಿವೃತ್ತ ಸುಬೇದಾರ್ ಜಂಬಣ್ಣನವರು. ನಿಜವಾದ ಟ್ಯಾಂಕಿನೊಳಗೆ ಆಯುಷ್ಯ ಕಳೆದವರು. ಸಾಲಾಗಿ ಇಟ್ಟಿದ್ದ ಟ್ಯಾಂಕುಗಳನ್ನೆಲ್ಲ, ಒಂದಕ್ಕಿಂತ ಒಂದು ಕೊಳಕಾದವನ್ನು, ಬೆನ್ನಿನ ಹಿಂದೆ ಕೈಕಟ್ಟಿಕೊಂಡು ನೋಡುತ್ತ ಬಂದರು. ಒಂದೊಂದಕ್ಕೂ ಮುಖ ಗಂಟಾಗುತ್ತಿತ್ತು. ಚನ್ನವೀರೇಶನ ಮುಂದೆ ನಿಂತೇಬಿಟ್ಟರು.

“ಇದು ಯಾವ ದೇಶದ್ರೀ?”

ಬಿಡಿಭಾಗಗಳದು ಎಂದ ಚನ್ನವೀರೇಶ್ ಮೆಲ್ಲಗೆ.

“ಯಾವ ದೇಶದ್ದಾದ್ರೂ ಆಗ್ಲಿ. ಇವತ್ತು ಯಾವ ದಿನಾರೀ? ಆಯುಧಪೂಜಿ ದಿನ ನಮ್ಮ ರೆಜಿಮೆಂಟಿನ್ಯಾಗ ಟ್ಯಾಂಕ್ ತೊಳದು, ಕುಂಕುಮ ಹಚ್ಚಿ, ನಿಂಬಿಹಣ್ಣಿಟ್ಟು ಸಾಲಾಗಿ ನಿಂದರಸ್ತಿದ್ವಿ. ಇಂಥಾದ್ದು ಯಾವನರೆ ತಂದಿದ್ದ ಅಂದ್ರ, ಅವನ್ನ ಉಳ್ಳಾಗಡ್ಡಿ ಹೆಚ್ಚಾಕ ಅಡಗಿಮನಿಗೆ ಕಳಸ್ತಿದ್ವಿ. ಇಷ್ಟು ಮಂದಿಯೊಳಗ ಒಬ್ಬರಿಗರೆ ತೊಳೀಬೇಕು ಅನ್ನಿಸ್ಲಿಲ್ಲೇನು?”

ಚನ್ನವೀರೇಶ್ ಕೆಸರಿನ ಪ್ಯಾಂಟನ್ನು ಮೇಜಿನ ಹಿಂದೆ ಮರೆಸಿಕೊಂಡ. ಸೆರಗು ಸರಿಮಾಡಿಕೊಳ್ಳುತ್ತ ಕಲ್ಯಾಣಮ್ಮ ಮುಂದೆ ಬಂದರು.

“ನಾನು ಮುಂಜಾನೆ ಎಲ್ಲ ಮಾಡಿದ್ದೆ ಸಾರ್,” ಎಂದು ಫೋನು ಚಾಚಿದರು. “ಇವ್ರೇ ಹೋಗಿ ವಾಪಸ್ ಹಿಂಗ್ ಮಾಡ್ಕಂಡ್ ಬಂದಾರೆ.”

ಜಂಬಣ್ಣನವರು ಕನ್ನಡಕ ಏರಿಸಿ ಫೋಟೊ ನೋಡಿದರು. ಮೂರೆಳೆ ವಿಭೂತಿ, ಹೂವಿನ ಮಾಲೆ, ನಿಂಬೆಹಣ್ಣಿನ ಮೇಲೆ ವಾಲಿದ ಟ್ಯಾಂಕು, ಪಕ್ಕದಲ್ಲಿ ಮಣೆಗೆ ಕೈಯಿಟ್ಟು ಕೂತ ಕಲ್ಯಾಣಮ್ಮ. ಅವರ ಮುಖದ ಗಂಟು ಸಡಿಲವಾಯಿತು. ನೆಟ್ಟಗೆ ನಿಂತು ಕಲ್ಯಾಣಮ್ಮನವರಿಗೆ ಒಂದು ಸೆಲ್ಯೂಟು ಹೊಡೆದರು. ಅತ್ಯುತ್ತಮ ಟ್ಯಾಂಕಿನ ಶೀಲ್ಡು ಈ ತಾಯಿಗೆ ಎಂದು ಮೈಕಿನಲ್ಲಿ ಸಾರಿದರು. ಕ್ಲಬ್ಬಿನವರು ಇದು ನಿಯಮದಲ್ಲಿಲ್ಲ ಎಂದು ಗೊಣಗಿದರು. ಸುಬೇದಾರರು ಅವರತ್ತ ಒಮ್ಮೆ ತಿರುಗಿ ನೋಡಿದ ಮೇಲೆ ಅವರೇ ಮೊದಲು ಚಪ್ಪಾಳೆ ಹೊಡೆದರು.

ಮನೆಗೆ ಬಂದು ಕಾಲು ತೊಳೆದು ಚನ್ನವೀರೇಶ್ ಕೊನೆಯ ವಾದ ಹೂಡಿದ. ಟ್ಯಾಂಕು ಕಟ್ಟಿದವನು ತಾನು, ಬಹುಮಾನ ಬಂದದ್ದು ಟ್ಯಾಂಕಿಗೆ, ಆದ್ದರಿಂದ ಮೇಜು ತನ್ನದು. ಶರಣ್ಯಾ ಶೀಲ್ಡನ್ನು ಶೋಕೇಸಿನಲ್ಲಿಡುತ್ತ, ಸ್ಟೇಜಿಗೆ ಹೋಗಿ ತಗೊಂಡು ಬಂದವರು ಯಾರು ಎಂದಷ್ಟೇ ಕೇಳಿದಳು. ಅವನು ಕೂತ ಕುರ್ಚಿಯಲ್ಲೇ ಇನ್ನಷ್ಟು ಕುಸಿದ.

ಅವನ ಮುಖ ನೋಡಿ ಕಲ್ಯಾಣಮ್ಮನವರಿಗೇ ಕರುಳು ಚುರುಕ್ಕೆಂದಿತು.

“ಗಿರಣಿ ಒಂದು ಕಡಿಗೆ ಇರ್ತೈತಿ. ಇನ್ನೊಂದು ಕಡಿಗೆ ನೀವು ಕೂತ್ಕಂಡು ಕಟ್ರಿ, ಅಳಿಯಂದ್ರೆ. ನಂದೇನೂ ತಕರಾರಿಲ್ಲ.”

ಇಂಥ ತಾಯಿಯ ಮೇಲೆ ಇಷ್ಟು ದಿನ ಹಲ್ಲು ಕಡಿದೆನಲ್ಲ ಎಂದು ಚನ್ನವೀರೇಶ್ ನಿಜವಾಗಿಯೂ ನಾಚಿಕೊಂಡ. ಎದ್ದು ಮೇಜಿನ ಅರ್ಧ ಭಾಗ ಖಾಲಿ ಮಾಡಿ, ಉಳಿದರ್ಧಕ್ಕೆ ತನ್ನ ಬಿಡಿಭಾಗಗಳ ಡಬ್ಬವನ್ನು ಪ್ರೀತಿಯಿಂದ ಸರಿಸಿದ.

“ನೀವು ಕಟ್ಟಿ ಇಟ್ ಹೋಗ್ರಿ ಸಾಕು,” ಎಂದರು ಕಲ್ಯಾಣಮ್ಮ. “ದಿನಾ ಮುಂಜಾನೆ ಎಲ್ಲಾನೂ ನಾನೇ ತೊಳ್ದು ವಿಭೂತಿ ಹಚ್ತೀನಿ. ಸುಬೇದಾರ್ರಿಗೆ ಮಾತು ಕೊಟ್ಟೀನಿ.”

ಚನ್ನವೀರೇಶ್ ತನ್ನ ಡಬ್ಬವನ್ನು ಅಟ್ಟಕ್ಕೆ ಏರಿಸಿ, ಗಿರಣಿಯನ್ನು ತಾನೇ ಹೊತ್ತು ತಂದು ಮೇಜಿನ ನಟ್ಟನಡುವೆ ಇಟ್ಟು, ಪ್ಲಗ್ ಚುಚ್ಚಿ, ಜೋಳ ಎಲ್ಲಿದೆ ಅತ್ತೆ ಎಂದು ಕೇಳಿದ.