ಅತ್ತೆಯ ತುಟಿ, ಸರಕಾರದ ದನಿ

ಬೆಚ್ಚಿಬೀಳುವ ವಿಷಯದಲ್ಲಿ ನನ್ನದು ತುಂಬ ಧಾರಾಳ ಸ್ವಭಾವ. ಕುಕ್ಕರ್ ಕೂಗಿದರೆ ಬೆಚ್ಚುತ್ತೇನೆ, ಅಂಚೆಯವನು ಹೆಸರು ಹಿಡಿದು ಕರೆದರೆ ಬೆಚ್ಚುತ್ತೇನೆ, ಫೋಟೋದಲ್ಲಿ ನನ್ನದೇ ಮುಖ ಕಂಡರಂತೂ ಕೇಳಲೇಬೇಡಿ. ಇದು ಹುಟ್ಟುಗುಣವೆಂದು ಮನೆಯವರು ನನ್ನನ್ನು ತಿದ್ದುವ ಆಸೆ ಬಿಟ್ಟಿದ್ದಾರೆ. ಹುಟ್ಟುಗುಣವಲ್ಲ, ಶಾಲೆಯಲ್ಲಿ ಕಲಿತ ವಿದ್ಯೆ ಎಂದು ನಾನು ಹೇಳಿದರೆ ಯಾರೂ ನಂಬುವುದಿಲ್ಲ.

ಚಿತ್ತಾಪುರದಲ್ಲಿ ನಾನು ಓದುತ್ತಿದ್ದಾಗ ನಿಜಾಮಶಾಹಿ ಹೋಗಿ ಕೆಲವೇ ವರ್ಷಗಳಾಗಿದ್ದವು. ಉರ್ದುವಿನಲ್ಲಿ ಗುಣಾಕಾರ ಕಲಿತಿದ್ದ ನಾವು ಕನ್ನಡದಲ್ಲಿ ಭಾಗಾಕಾರ ಮಾಡುತ್ತಿದ್ದೆವು. ಶೇಷ ಮಾತ್ರ ಯಾವ ಭಾಷೆಯಲ್ಲೂ ಸರಿಯಾಗಿ ಬರುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಧಾರವಾಡದ ಕಡೆಯಿಂದ ಒಬ್ಬ ಹೊಸ ಮಾಸ್ತರರು ಬಂದರು. ತೆಳ್ಳಗಿನ ಮನುಷ್ಯ, ಪುಸ್ತಕ ಮುಚ್ಚಿಟ್ಟೇ ಪಾಠ ಶುರುಮಾಡುವ ವಿಚಿತ್ರ ಅಭ್ಯಾಸ. ಒಂದು ದಿನ ಅವರು ಮೇಜಿನ ಮೇಲೆ ಕೈಯೂರಿ ಕೇಳಿದರು: “ಪೇಪರ್, ರೇಡಿಯೋ, ಸಿನೆಮಾ, ಇವನ್ನೆಲ್ಲಾ ಯಾರು ಮಾಡ್ತಾರ? ಯಾರು ನೋಡ್ತಾರ, ಯಾರು ಕೇಳ್ತಾರ? ಅದರಾಗ ನಮ್ಮಂಥಾ ಮಂದಿನ್ನ ಹೆಂಗ ತೋರಸ್ತಾರ? ಊರಾಗ ಅಡ್ಡಾಡಿ, ನೋಡಿ, ಬರಕೊಂಡು ಬರ್ರಿ. ವರ್ಷದ ಕಡೀಗೆ ಸಾಲಿ ಇನ್ಸ್‌ಪೆಕ್ಟರ್ ಸಾಹೇಬ್ರ ಮುಂದ ಓದೂದದ.”

ಅಡ್ಡಾಡುವುದೂ ಅಭ್ಯಾಸ ಎಂದು ಹೇಳಿದ ಮಾಸ್ತರರನ್ನು ನಾವು ಅದೇ ಮೊದಲು ಕಂಡದ್ದು. ನಾನು ನೇರವಾಗಿ ವಾಚನಾಲಯಕ್ಕೆ ಹೋದೆ. ಹೈದರಾಬಾದಿನಿಂದ ರೈಲಿನಲ್ಲಿ ಬರುತ್ತಿದ್ದ ಉರ್ದು ಪೇಪರನ್ನು ಅಲ್ಲಿ ವಯಸ್ಸಾದ ವಕೀಲರೊಬ್ಬರು ಗಟ್ಟಿಯಾಗಿ ಓದುತ್ತಿದ್ದರು. ಕಟ್ಟೆಯ ತುಂಬ ಕುಳಿತ ಜನ ಕೇಳುತ್ತಿದ್ದರು. ನಾನು ಹಿಂದೆ ನಿಂತು ಇಣುಕಿದೆ. ವಕೀಲರು ಒಂದು ಇಡೀ ಸುದ್ದಿಯನ್ನು ಹಾರಿಸಿ ಮುಂದಕ್ಕೆ ಹೋದರು.

“ಕಾಕಾ, ನಡುವಿಂದು ಬಿಟ್ರಲ್ರೀ?” ಎಂದೆ.

“ಅದು ನನಗ ಸೇರಂಗಿಲ್ಲವ್ವಾ” ಎಂದರು ಅವರು, ಊಟದಲ್ಲಿ ಹಾಗಲಕಾಯಿ ಪಕ್ಕಕ್ಕಿಟ್ಟಷ್ಟು ಸಹಜವಾಗಿ.

ನಾನು ದಂಗಾಗಿ ನಿಂತೆ. ಜಗತ್ತಿನಲ್ಲಿ ಈ ವಕೀಲರಿಗೆ ಸೇರದ್ದು ಯಾವುದೂ ಇಷ್ಟು ವರ್ಷ ನಮ್ಮ ಊರಿನ ಮಟ್ಟಿಗೆ ನಡೆದೇ ಇರಲಿಲ್ಲ!

ಆದರೆ ದೊಡ್ಡ ಆಘಾತ ನಮ್ಮ ಮನೆಯ ಅಂಗಳದಲ್ಲೇ ಕಾದಿತ್ತು. ನನ್ನ ಸೋದರತ್ತೆ ಶರಣಮ್ಮ, ಗಂಡ ತೀರಿಕೊಂಡ ಮೇಲೆ ಮಗಳು ನೀಲಾಳೊಂದಿಗೆ ನಮ್ಮ ಮನೆಯಲ್ಲೇ ಇದ್ದಳು. ನೀಲಾಳಿಗೆ ಸೇಡಮಿನ ಕಡೆಯ ಒಂದು ಮನೆತನದಿಂದ ಸಂಬಂಧ ಬಂದಿತ್ತು. ಒಳ್ಳೆಯ ಮನೆ, ಮೆತ್ತಗಿನ ಜನ, ಮಾತು ಕೂಡ ಅಳೆದು ಆಡುವವರು ಎಂದು ಕೇಳಿದ್ದೆವು. ಅವರು ಬರುವ ಹೊತ್ತಿಗೆ ಇರಲಿ ಎಂದು ಅತ್ತೆ ಅಂಗಳದ ತುಂಬ ಸೀರೆ ಹಾಸಿ ಸಂಡಿಗೆ ಒಣಹಾಕಿದ್ದಳು.

ಆಗ ಬಂತು ಹೈದರಾಬಾದಿನಿಂದ ಸರಕಾರಿ ಫಿಲ್ಮಿನ ತಂಡ. ಮನೆಯ ಮುಂದೆ ಸರಕಾರ ಹೊಸದಾಗಿ ತೋಡಿಸಿದ ಬಾವಿಯ ಚಿತ್ರ ತೆಗೆಯಲು ಬಂದಿದ್ದರು. ಬಾವಿಗೆ ಇನ್ನೂ ನೀರು ಬಂದಿರಲಿಲ್ಲ. ಅದಕ್ಕೇನಂತೆ, ನಮ್ಮ ಹಿತ್ತಲಿನ ಬಾವಿಯ ನೀರನ್ನು ಕೊಡಗಳಲ್ಲಿ ತುಂಬಿ, ಹೆಂಗಸರ ತಲೆಯ ಮೇಲೆ ಹೊರಿಸಿ, ಹೊಸ ಬಾವಿಯಿಂದ ನಡೆದು ಬರುವಂತೆ ಮಾಡಿದರು. ಸಿನೆಮಾ ‘ಯಾರು ಮಾಡ್ತಾರ’ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ನಾನು ಹಿಗ್ಗುತ್ತಿರುವಾಗಲೇ ಕ್ಯಾಮೆರಾದವನು ಹಿಂದೆ ಹಿಂದೆ ಸರಿಯುತ್ತ ಬಂದು ಸಂಡಿಗೆಯ ಮೇಲೆ ಬೂಟುಗಾಲಿಟ್ಟ.

ಅತ್ತೆ ಎರಡೂ ಕೈ ಮೇಲೆತ್ತಿ ಓಡಿಬಂದಳು. “ಏ ಭಾಡ್ಯಾ! ಕಣ್ಣ ಒಡದಾವೇನೋ? ನೆಲಾ ನೋಡಿ ನಡೀಲಿಕ್ಕಿ ನಿಮ್ಮವ್ವ ಕಲಿಸಿಲ್ಲೇನು? ನಿನ್ನ ಡಬ್ಬಿಗೆ ಬೆಂಕಿ ಹತ್ತಲಿ, ನಿನ್ನ ಬಾಯಾಗ ಮಣ್ಣ ಬೀಳಲಿ!” ಅವನಿಗೆ ಕನ್ನಡ ಬಾರದು. ಮುಖ ಅರಳಿಸಿಕೊಂಡು ಡಬ್ಬಿಯನ್ನು ಅವಳ ಕಡೆ ತಿರುಗಿಸಿ, “ಬಹೋತ್ ಅಚ್ಛಾ ಅಮ್ಮಾ, ಬೋಲ್ತೇ ರಹೋ” ಎಂದ. ಮಾತಾಡುತ್ತಲೇ ಇರು ಎಂಬ ಅವನ ಅಪ್ಪಣೆಯನ್ನು ಅತ್ತೆ, ಎರಡೂ ಕೈ ಎತ್ತಿ ಭಾಡ್ಯಾದಿಂದ ಮಣ್ಣಿನವರೆಗೆ ಎಲ್ಲವನ್ನೂ ಮತ್ತೆ ಹೇಳಿ, ಚೆನ್ನಾಗಿಯೇ ನಡೆಸಿಕೊಟ್ಟಳು. ಸಂಡಿಗೆಗಾಗಿ ಅವಳ ಕಣ್ಣಲ್ಲಿ ನೀರೂ ಬಂತು.

ಕೆಲವು ತಿಂಗಳಾದ ಮೇಲೆ ಆ ಫಿಲ್ಮು ತೋರಿಸಲು ಸರಕಾರದ ಪ್ರಚಾರದ ಗಾಡಿ ಬಂದು ಶಾಲೆಯ ಬಯಲಿನಲ್ಲಿ ಪರದೆ ಕಟ್ಟಿತು. ಅದೇ ದಿನ ಸೇಡಮಿನವರು ಹುಡುಗಿ ನೋಡಲು ಬಂದಿದ್ದರು. ಅಪ್ಪನಿಗೆ ಹೆಮ್ಮೆ ತಡೆಯಲಾಗಲಿಲ್ಲ. “ನಮ್ಮ ಅಕ್ಕ ಫಿಲ್ಮಿನಾಗ ಬಂದಾಳ್ರಿ, ನೋಡಿ ಬರೂಣು ಬರ್ರಿ” ಎಂದು ಬೀಗರನ್ನು ಕರೆದೊಯ್ದು ಮುಂದೆಯೇ ಕೂಡಿಸಿದ. ಹುಡುಗನ ತಾಯಿ ಅತ್ತೆಯ ಮಗ್ಗುಲಲ್ಲೇ ಕುಳಿತರು.

ಕೊಡಗಳು ಬಂದವು, ಬಾವಿ ಬಂತು, ಆಮೇಲೆ ಪರದೆಯ ತುಂಬ ನಮ್ಮ ಅತ್ತೆ! ಆದರೆ ಬಾಯಿ ಅವಳದು, ದನಿ ಯಾರೋ ಗಂಡಸಿನದು. ಉರ್ದುವಿನಲ್ಲಿ ಆ ದನಿ ತುಪ್ಪದಂತೆ ಇಳಿಯುತ್ತಿತ್ತು: ಈ ಬಡ ಹಳ್ಳಿಯ ಹೆಣ್ಣುಮಗಳು ಎರಡೂ ಕೈಯೆತ್ತಿ ಹೊಸ ಕಾಲವನ್ನು ಸ್ವಾಗತಿಸುತ್ತಿದ್ದಾಳೆ, ಆನಂದಬಾಷ್ಪ ಸುರಿಸುತ್ತಿದ್ದಾಳೆ.

“ಹಳ್ಳಿ?” ಎಂದಳು ಅತ್ತೆ, ಬಾಯಿ ತೆರೆದು. ತಾಲೂಕು ಕಚೇರಿ, ಕೋರ್ಟು, ಸ್ಟೇಷನ್ನು ಇರುವ ಊರು ಒಂದೇ ಮಾತಿಗೆ ಹಳ್ಳಿಯಾಗಿತ್ತು.

ಅಷ್ಟರಲ್ಲಿ ಹಿಂದಿನಿಂದ ಯಾವನೋ ಕೂಗಿದ: “ಲೇ, ತುಟಿ ನೋಡ್ರೋ! ಆಕಿ ಭಾಡ್ಯಾ ಅನ್ಲಿಕತ್ತಾಳ!” ಬಯಲಿಗೆ ಬಯಲೇ ಅತ್ತೆಯ ತುಟಿ ಓದತೊಡಗಿತು. ಸರಕಾರದ ದನಿ ಒಂದು ಹೇಳಿದರೆ ಊರು ಇನ್ನೊಂದನ್ನು ಒಕ್ಕೊರಲಿನಿಂದ ಹೇಳುತ್ತಿತ್ತು. “ಬಾಯಾಗ ಮಣ್ಣ” ಎಂಬಲ್ಲಿಗೆ ಬಂದಾಗ ಚಪ್ಪಾಳೆ ಬಿತ್ತು. ಇನ್ನೊಮ್ಮೆ ತೋರಿಸಲೇಬೇಕೆಂದು ಜನ ಗಾಡಿಗೆ ಅಡ್ಡ ಕುಳಿತರು. ಇಷ್ಟೊಂದು ಉತ್ಸಾಹ ಎಲ್ಲೂ ಕಂಡಿರದ ಗಾಡಿಯವನು ಖುಷಿಯಿಂದ ಮತ್ತೆ ತೋರಿಸಿದ.

ನಮಗೆ ಮಾತ್ರ ಭೂಮಿ ಬಾಯಿಬಿಡಬಾರದೇ ಎನಿಸಿತ್ತು. ಮನೆಗೆ ಬಂದು ಬೀಗರಿಗೆ ಎಡೆ ಬಡಿಸುವಾಗ ಅಪ್ಪ ಪಲ್ಯದ ಮೇಲೆಯೇ ಮಜ್ಜಿಗೆ ಸುರಿದ. ನೀಲಾ ಒಳಗೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಅತ್ತೆ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಹುಡುಗನ ತಾಯಿ ರೊಟ್ಟಿ ಮುರಿದು ಅತ್ತೆಯ ಕಡೆ ಬಾಗಿದರು. ಮೆಲ್ಲಗೆ ಕೇಳಿದರು: “ಅಕ್ಕಾರ, ತಪ್ಪ ತಿಳೀಬ್ಯಾಡ್ರಿ. ‘ನಿಮ್ಮವ್ವ ಕಲಿಸಿಲ್ಲೇನು’ ಆದ ಮ್ಯಾಲ ಏನಂದ್ರಿ? ಅಲ್ಲಿ ಕೈ ಅಡ್ಡ ಬಂದು ತುಟಿ ಕಾಣಸಲಿಲ್ಲ.”

ಅತ್ತೆ ತಿರುಗಿ ಅವರ ಮುಖ ನೋಡಿದಳು. ಆಮೇಲೆ ಡಬ್ಬಿ, ಬೆಂಕಿ ಎಲ್ಲವನ್ನೂ ಒಪ್ಪಿಸಿದಳು. ಆ ತಾಯಿ ನಕ್ಕರು, ನೆತ್ತಿಗೇರಿ ಕೆಮ್ಮಿದರು, ಸೆರಗಿನಿಂದ ಕಣ್ಣೊರೆಸಿಕೊಂಡರು. “ನಮ್ಮ ಮನ್ಯಾಗ ಎಲ್ಲಾರೂ ಭಾಳ ಮೆತ್ತಗ ಅದಾರ್ರೀ. ಮೂವತ್ತು ವರ್ಷದಿಂದ ಒಂದ ಮಾತ ಬಾಯಿಬಿಟ್ಟ ಅನ್ನಲಿಕ್ಕಿ ಕಾಯಲಿಕತ್ತೀನಿ. ನನಗ ಇಂಥಾ ಬೀಗತಿನೇ ಬೇಕು” ಎಂದರು. ಆ ರಾತ್ರಿಯೇ ಸಂಬಂಧ ಗಟ್ಟಿಯಾಯಿತು.

ಇದೆಲ್ಲವನ್ನೂ ನಾನು ಒಂದಕ್ಷರ ಬಿಡದೆ, ಬೈಗಳನ್ನು ಮಾತ್ರ ಸ್ವಲ್ಪ ತೊಳೆದು ಬರೆದೆ. ಶಾಲೆ ನೋಡಲು ಬಂದ ಇನ್ಸ್‌ಪೆಕ್ಟರ್ ಸಾಹೇಬರು ಕಣ್ಣು ಮುಚ್ಚಿ ಕೇಳಿದರು.

“ಆ ಫಿಲ್ಮ್ ನಾ ಗುಲಬರ್ಗಾದಾಗ ನೋಡೀನಿ” ಎಂದರು. “ಆ ಹೆಣ್ಣಮಗಳ ಕೃತಜ್ಞತಾ ನೋಡಿ ನನ್ನ ಕಣ್ಣಾಗ ನೀರ ಬಂದಾವ. ನೀ ಎಲ್ಲಿದ್ದಿ? ಫಿಲ್ಮಿನಾಗ ನೀ ಕಾಣಲಿಲ್ಲಲ್ಲ?”

“ಆಕಿ ನಮ್ಮ ಅತ್ತಿ ರೀ.”

“ಹಂಗಾದ್ರ ನಿಂದು ಪಕ್ಷಪಾತ ಆಯ್ತು.”

ಮಾಸ್ತರರು ಮುಂದೆ ಬಂದರು. “ಸಾಹೇಬ್ರ, ಹುಡಿಗಿ ಹೇಳೂದು ಖರೇ ಅದರೀ. ಆ ದಿನಾ ಬಯಲಾಗ ನಾನೂ ಇದ್ದೆ.”

“ನಿಮಗ ಉರ್ದು ಬರ್ತದೇನ್ರಿ, ಮಾಸ್ತರ?”

“ಇಲ್ಲರೀ.”

“ಮತ್ತ ಫಿಲ್ಮಿನಾಗ ಆಕಿ ಏನಂದ್ಳು ಅಂತ ನಿಮಗ ಹೆಂಗ ತಿಳೀತು?”

ಉತ್ತರಕ್ಕೆ ಕಾಯದೆ ಸಾಹೇಬರು ನನ್ನ ಪುಟದ ಕೆಳಗೆ ಕೆಂಪು ಶಾಯಿಯಲ್ಲಿ ಬರೆದರು: ‘ಕಲ್ಪನಾಶಕ್ತಿ ಅಪಾರ. ಸತ್ಯದ ಅಭ್ಯಾಸ ಸಾಲದು. ಮುಂದೆ ಸಿನೆಮಾದ ಕೆಲಸಕ್ಕೆ ಯೋಗ್ಯಳು.’

ಅವರನ್ನು ಎಷ್ಟು ಬೈದುಕೊಂಡೆನೋ! ಆದರೆ ಮನುಷ್ಯನಿಗೆ ದೂರದೃಷ್ಟಿಯಿತ್ತು. ಓದು ಮುಗಿಸಿ ನನಗೆ ಸಿಕ್ಕ ನೌಕರಿ ಅದೇ: ದನಿಯಿಲ್ಲದೆ ಬರುವ ಸರಕಾರಿ ಫಿಲ್ಮಿನ ರೀಲುಗಳಿಗೆ ವಿವರಣೆ ಬರೆಯುವುದು. ನಿವೃತ್ತಿಯಾಗುವವರೆಗೆ ಎಷ್ಟೋ ಊರಿನ ಹೆಂಗಸರು ನನ್ನ ಮುಂದಿನ ಬಿಳಿ ಗೋಡೆಯ ಮೇಲೆ ಕೈಬೀಸಿ ಏನೇನೋ ಹೇಳಿ ಹೋದರು. ಅದರಲ್ಲಿ ಬಹಳಷ್ಟು ನನಗೆ ಸ್ಪಷ್ಟವಾಗಿಯೇ ತಿಳಿಯುತ್ತಿತ್ತು. ನಾನು ಕನ್ನಡಕ ಒರೆಸಿಕೊಂಡು, ಪೆನ್ನು ತೆಗೆದು, ‘ಹೊಸ ರಸ್ತೆಗಾಗಿ ಗ್ರಾಮಸ್ಥರು ಹರ್ಷ ವ್ಯಕ್ತಪಡಿಸಿದರು’ ಎಂದು ಬರೆದು, ಚಹಾ ಕುಡಿಯಲು ಹೋಗುತ್ತಿದ್ದೆ.