ಮುತ್ತಜ್ಜಿಯ ತವರಿನ ಬೆಡಗು

ಈ ಕತೆಯನ್ನು ನನಗೆ ಮೊದಲು ಹೇಳಿದವಳು ಚಿತ್ತವಾಡ್ಗಿಯಲ್ಲಿದ್ದ ನಮ್ಮ ಸೋದರತ್ತೆ. ಹೊಸಪೇಟೆಗೆ ರೈಲು ಹಳಿ ಹಾಕಲು ಬಂದ ಬಿಳಿ ದೊರೆಯೊಬ್ಬ ಕಂಪ್ಲಿಯ ಹೆಣ್ಣುಮಗಳ ಜೊತೆ ಸಂಸಾರ ಹೂಡಿದನಂತೆ. ಹಳಿ ಮುಗಿಯಿತು, ದೊರೆ ಹೋದ, ಮಗಳು ಉಳಿದಳು. ಮಠದ ಅಯ್ಯನವರು ಆ ಕೂಸಿಗೆ ಲಿಂಗ ಕಟ್ಟಿದರು. ಮುಂದೆ ನಮ್ಮ ಮನೆ ಸೊಸೆಯಾದಳು. ಅವಳೇ ನನ್ನ ಮುತ್ತಜ್ಜಿ. ಅವಳ ಬೆಕ್ಕಿನ ಕಣ್ಣು, ಬಿಳಿ ತೊಗಲು ತಲೆಮಾರಿಗೊಬ್ಬರಿಗೆ ಬರುತ್ತವೆ. ಈ ತಲೆಮಾರಿಗೆ ನನಗೆ ಬಂದಿವೆ.

"ನಿನ್ನ ಮಗಳ ಮದುವಿ ಆಗೋಮಟ ಈ ಮಾತು ಬಾಯಾಗ ತರಬ್ಯಾಡ" ಎಂದಿದ್ದಳು ಅತ್ತೆ. ನಾನು ತರಲಿಲ್ಲ. ಆದರೆ ಮುಖವನ್ನು ಎಲ್ಲಿ ಮುಚ್ಚಿಡಲಿ? ಗಣಿ ಜೋರಾಗಿ ಊರ ತುಂಬ ಹೊರಗಿನ ಮಂದಿ ತುಂಬಿಕೊಂಡ ಆ ವರ್ಷಗಳಲ್ಲಿ ನನಗೆ ಒಂದಲ್ಲ ಒಂದು ನಡೆಯುತ್ತಲೇ ಇತ್ತು.

೧. ಹಂಪಿಯ ಗೇಟು

ವಿರೂಪಾಕ್ಷನ ದರ್ಶನ ಮುಗಿಸಿ ವಿಠ್ಠಲ ಗುಡಿಯ ಕಡೆ ಹೋದೆ. ಉಟ್ಟದ್ದು ಧೋತರ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಗೇಟಿನವನು ಫಾರಿನ್ ಮಂದಿಯ ಟಿಕೆಟ್ ಹರಿದ.

"ನಾ ಇಲ್ಲಿಯಾಂವನ ಅದೀನೋ ತಮ್ಮಾ" ಅಂದೆ.

"ಕನ್ನಡ ಭಾಳ ಚಂದ ಕಲ್ತೀರಿ ಸರ್. ಬಂದು ಎಷ್ಟು ವರ್ಷ ಆತ್ರಿ?"

"ಐವತ್ತೆರಡು. ಹುಟ್ಟಿದಾಗಿಂದ."

ಅವನು ನಂಬಲಿಲ್ಲ. ಸಿಟ್ಟು ನೆತ್ತಿಗೇರಿ ಅಂಗಿ ಗುಂಡಿ ಬಿಚ್ಚಿ ಕೊರಳಿನ ಲಿಂಗ ತೋರಿಸಿದೆ. ಅವನು ಪಕ್ಕದವನಿಗೆ ಹೇಳಿದ: "ನೋಡಲೇ, ನೀ ಲಿಂಗಾ ಬಿಚ್ಚಿಟ್ಟು ಎಷ್ಟು ವರ್ಷ ಆತು? ಫಾರಿನ್ ಮಂದಿ ನೋಡಿ ಕಲಿ."

೨. ಟವೆಲಿನ ಮಣ್ಣು

ಪಾಪಿನಾಯಕನಹಳ್ಳಿಯಲ್ಲಿ ಬಸ್ಸಿಗೆ ನಿಂತಿದ್ದೆ, ಸಂಡೂರಿಗೆ ಹೋಗಬೇಕಿತ್ತು. ರೈತನೊಬ್ಬ ಟವೆಲಿನ ಗಂಟು ಬಿಚ್ಚಿ ಕೆಂಪು ಮಣ್ಣು ಮುಂದೆ ಹಿಡಿದ.

"ಸಾಹೇಬ್ರ, ನಮ್ಮ ಹೊಲದ್ದು. ಕಬ್ಬಿಣದ ಅದುರು ಎಷ್ಟೈತಿ ನೋಡ್ರಿ."

"ನಾ ಯಾವ ಸಾಹೇಬನೂ ಅಲ್ಲ. ಸುಮ್ಮನ ಜೋಳ ಬಿತ್ತು ಹೋಗು" ಎಂದು ಗದರಿದೆ.

ವಾರದ ಮೇಲೆ ನಮ್ಮ ಕ್ಷೌರದವನು ಗಡ್ಡ ಕೆರೆಯುತ್ತ ಸುದ್ದಿ ಹೇಳಿದ: "ಫಾರಿನ್ ಕಂಪನಿಯಾಂವ ಬಂದಿದ್ದನಂತ್ರಿ. ಕೆಳಗ ಭಾರಿ ಅದುರೈತಿ, ಯಾರಿಗೂ ಕಾಣದಂಗ ಮ್ಯಾಲೆ ಜೋಳ ಬಿತ್ತು ಅಂದನಂತ. ಈಗ ಆ ಓಣಿಯಾಂವರೆಲ್ಲಾ ಜೋಳ ಬಿತ್ತಾಕ ಹತ್ಯಾರ."

೩. ಕಂಪ್ಲಿಯ ಹಿರಿಯ

ಕೊನೆಗೆ ಮಗಳನ್ನು ನೋಡಲು ಕಂಪ್ಲಿಯಿಂದ ಬಂದರು. ಹುಡುಗ ಒಳ್ಳೆಯವ, ತೋರಣಗಲ್ಲಿನಲ್ಲಿ ಕೆಲಸ. ಮಗಳ ಮನಸ್ಸು ಕೂಡಿತ್ತು. ಹುಡುಗನ ಅಜ್ಜ ಮಾತ್ರ ಬೆಡಗು, ಅಂದರೆ ವಂಶದ ಬಳಿ, ಕೇಳುವುದರಲ್ಲಿ ಗಟ್ಟಿಗ. ಒಂದೇ ಬೆಡಗಿನವರು ಅಣ್ಣತಂಗಿಯರ ಸಮ, ಮದುವೆ ಕೂಡದು. ನಮ್ಮ ಬೆಡಗು ಕೇಳಿದ, ನನ್ನ ಹೆಂಡತಿಯ ತವರಿನದು ಕೇಳಿದ, ತಾಯಿಯ ತವರು, ಅಜ್ಜಿಯ ತವರು. ಆಮೇಲೆ ಕೇಳಿದ: "ಮುತ್ತಜ್ಜಿ ತವರಿಂದ್ರಿ?"

ಪಕ್ಕದಲ್ಲಿದ್ದ ಸೋದರತ್ತೆ ಕಣ್ಣಲ್ಲೇ ಬೇಡ ಅಂದಳು. ಲಿಂಗ ಎದೆಯ ಮೇಲಿಟ್ಟುಕೊಂಡು ಸುಳ್ಳು ಹೇಳುವುದು ಹೇಗೆ? ಇದ್ದದ್ದು ಇದ್ದಂತೆ ಹೇಳಿದೆ. ಒಳಗೆ ಮಗಳ ಬಳೆ ಸದ್ದು ನಿಂತಿತು.

ಅಜ್ಜ ಮೀಸೆ ತಿರುವಿ, "ದೊರಿ ಅಂತೀರಿ. ಇರಲಿ. ಆ ದೊರೀದು ಬೆಡಗು ಯಾವುದು?" ಅಂದ.

ನನ್ನ ಮೈ ಉರಿಯಿತು. "ಬಿಳಿ ಮನುಷ್ಯಾಗ ಎಲ್ಲೀ ಬೆಡಗ್ರಿ?"

"ಹಂಗ ಅಂದ್ರ ನಡೆಯಂಗಿಲ್ಲ. ನಮ್ಮದ ಬೆಡಗು ಆಗಿತ್ತಂದ್ರ ಹುಡುಗ ಹುಡುಗಿ ಅಣ್ಣತಂಗಿ ಆಗ್ತಾರ."

ಅತ್ತೆಗೆ ತಾಳಲಾಗಲಿಲ್ಲ. "ಯಣ್ಣಾ, ನಿಮ್ಮ ಬೆಡಗಿನಾಂವರು ಯಾರರ ಇಂಗ್ಲೆಂಡಿನಾಗ ಅದಾರೇನು?"

ಅಜ್ಜ ಜಂತಿ ನೋಡುತ್ತ ಲೆಕ್ಕ ಹಾಕಿದ. "ಹೇಳಾಕ ಬರಂಗಿಲ್ಲವಾ. ನಮ್ಮ ಮಂದಿ ಎಲ್ಲಾ ಕಡೆ ಹೋಗ್ಯಾರ."

ಕಡೆಗೆ ಅಯ್ಯನವರನ್ನು ಕರೆಸಿದೆವು. ದೊರೆಗೆ ಯಾವ ಬೆಡಗೂ ಇರಲು ಸಾಧ್ಯವಿಲ್ಲವೆಂದು ಅವರು ತಮ್ಮ ಲಿಂಗ ಮುಟ್ಟಿ ಹೇಳಿದ ಮೇಲೇ ಅಜ್ಜ ತಾಂಬೂಲಕ್ಕೆ ಕೈ ಚಾಚಿದ.

ಈಗ ಮೊಮ್ಮಗಳು ಹುಟ್ಟಿದ್ದಾಳೆ. ಬೆಕ್ಕಿನ ಕಣ್ಣು. ಓದಿದವರು ಈ ಕತೆಯನ್ನು ನಾಲ್ಕು ಮಂದಿಗೆ ಹೇಳಬೇಕು. ಹಂಪಿಗೆ ಹೋದರೆ ಆ ಗೇಟಿನವನಿಗೆ ತಪ್ಪದೆ ಹೇಳಬೇಕು: ಕೂಸು ಕಂಪ್ಲಿಯದು ಅಂತ.